ಮೂರನೇ ಮಹಡಿಯ ಇಲ್ಲದ ನಾಯಿ

ನಮ್ಮ ಕಟ್ಟಡದಲ್ಲಿ ನಾಯಿ ಇಲ್ಲ ಎಂದು ಖಂಡಿತವಾಗಿ ನಂಬಿದ್ದವರು ಒಬ್ಬರೇ. ಅವರು ಮೂರನೇ ಮಹಡಿಯ ಎವಾಲ್ಡ್ ರಾಪ್. ಆದರೆ ನಾಯಿಯನ್ನು ಬಚ್ಚಿಟ್ಟಿದ್ದಾರೆ ಎಂಬ ಆಪಾದನೆ ಇದ್ದದ್ದೂ ಅವರ ಮೇಲೆಯೇ. ಹಾಗಾಗಿ ಅವರ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನೆಕಾರ್ ಹೊಳೆಯ ದಂಡೆಯ ನಮ್ಮ ಊರಿನಲ್ಲಿ ಅನುಮಾನಪಡುವುದನ್ನು ಯಾರೂ ಕೆಟ್ಟ ಗುಣ ಎಂದುಕೊಳ್ಳುವುದಿಲ್ಲ. ಅದು ನೆರೆಯವರು ನೆರೆಯವರಿಗೆ ಮಾಡುವ ಸೇವೆ. ನಮ್ಮ ಕಟ್ಟಡದಲ್ಲಿ ಈ ಸೇವೆಯನ್ನು ನೆಲಮಹಡಿಯ ಐಸೆಲೆ ಅಮ್ಮನವರು ವಹಿಸಿಕೊಂಡಿದ್ದರು. ಅವರ ಅಡುಗೆಮನೆಯ ಕಿಟಕಿ ಹೆಬ್ಬಾಗಿಲ ಪಕ್ಕಕ್ಕೇ ಇದೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಲೇ ಅವರು ಯಾರು ಬಂದರು, ಯಾರು ಹೋದರು, ಯಾರ ಚೀಲದಲ್ಲಿ ಸೀಸೆಗಳು ಸದ್ದು ಮಾಡಿದವು ಎಂಬುದನ್ನೆಲ್ಲ ತಿಳಿದುಕೊಳ್ಳುತ್ತಿದ್ದರು. ಮೆಟ್ಟಿಲು ಗುಡಿಸುವ ಸರದಿಯ ಫಲಕದ ಒಡೆತನವೂ ಅವರದೇ. ನಮ್ಮಲ್ಲಿ ವಾರಕ್ಕೊಂದು ಮನೆಯ ಸರದಿ. ಸರದಿ ಬಂದ ಮನೆಯ ಬಾಗಿಲಿಗೆ ಆ ಮರದ ಫಲಕ ನೇತು ಬೀಳುತ್ತದೆ. ಆ ವಾರ ಆ ಮನೆಯವರು ಮೆಟ್ಟಿಲು ಗುಡಿಸಬೇಕು, ಒರೆಸಬೇಕು, ಹೊರಗಿನ ಕಾಲುದಾರಿಯನ್ನೂ ಚೊಕ್ಕಟ ಮಾಡಬೇಕು. ಫಲಕ ಇಲ್ಲದವರು ಪೊರಕೆ ಮುಟ್ಟುವುದು ಬೇರೆಯವರ ಮನೆಗೆ ಹೋಗಿ ಅವರ ಒಲೆಯ ಮೇಲಿನ ಸಾರಿಗೆ ಉಪ್ಪು ಹಾಕಿದಷ್ಟೇ ತಪ್ಪು.

ರಾಪ್ ಇಡೀ ಜೀವನ ಬ್ರಷ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪೊರಕೆ ಮಾಡಲು ಬರುತ್ತಿತ್ತು, ಗುಡಿಸಲು ಬರುತ್ತಿರಲಿಲ್ಲ. ಅವರ ಸರದಿ ಮುಗಿದ ದಿನ ಐಸೆಲೆ ಅಮ್ಮ ಮೆಟ್ಟಿಲಿನ ಹಿಡಿಗಂಬಿಯ ಮೇಲೆ ಬೆರಳೆಳೆದು, ಆ ಬೆರಳನ್ನು ನನ್ನ ಮುಖದ ಮುಂದೆ ಹಿಡಿದು, "ನೋಡಿ, ರಾಪ್ ವಾರ" ಎನ್ನುತ್ತಿದ್ದರು. ನಾನು ಎರಡನೇ ಮಹಡಿಯವನು. ನೋಡಿ, ನಿಟ್ಟುಸಿರು ಬಿಟ್ಟು, ಮೇಲೆ ಹೋಗುತ್ತಿದ್ದೆ.

ಈಗ ಮುಂದೆ ಹೇಳುವುದು ನಮಗೆಲ್ಲ ಬಹಳ ತಡವಾಗಿ ತಿಳಿಯಿತು. ನಿಮಗೆ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಮೇಲೆ ನನಗೆ ಸದ್ಯಕ್ಕೆ ಅನುಮಾನವಿಲ್ಲ.

ರಾಪ್ ಒಂದು ದಿನ ಹಳೆಯ ಕಂಬಳಿಗಳನ್ನು ಕೊಟ್ಟುಬರಲು ಊರಾಚೆಯ ನಾಯಿಗಳ ಆಶ್ರಯಕ್ಕೆ ಹೋದರು. ಅಲ್ಲಿದ್ದ ನಾಯಿಗಳೆಲ್ಲ ಜಾಲರಿಗೆ ಹಾರಿ ಹಾರಿ ಬೊಗಳಿದವು. ಕುನೊ ಎಂಬ ಗಿಡ್ಡ ಕಾಲಿನ ಕಂದು ನಾಯಿ ಮಾತ್ರ ನಿಧಾನವಾಗಿ ಎದ್ದು ಬಂದು, ಹಿಂದಕ್ಕೆ ತಿರುಗಿ, ಜಾಲರಿಗೆ ಬೆನ್ನು ಒರಗಿಸಿ ಕೂತಿತು. ಜಾಲರಿಯ ಈಚೆ ರಾಪ್ ಅವರ ಮೊಣಕಾಲಿತ್ತು. ನಾಯಿಯ ಬೆನ್ನಿನ ಬಿಸಿ ಪ್ಯಾಂಟಿನೊಳಗೆ ಇಳಿಯಿತು. ಅವರನ್ನು ನೆಚ್ಚಿ ಯಾರಾದರೂ ಒರಗಿ ಎಷ್ಟು ವರ್ಷವಾಗಿತ್ತೋ. ಕಾಲು ಜೋಮು ಹಿಡಿಯುವವರೆಗೂ ಅವರು ಅಲ್ಲಾಡಲಿಲ್ಲ. ಆಮೇಲೆ ಕುಂಟುತ್ತಾ ಕಚೇರಿಗೆ ಹೋಗಿ, "ಆ ನಾಯಿ ನನಗೆ ಬೇಕು" ಅಂದರು.

ಕಚೇರಿಯಲ್ಲಿದ್ದವರು ಷ್ವೆಂಕ್ ಮೇಡಂ. ನಾಯಿ ಕೊಡುವುದಕ್ಕಿಂತ ಕೊಡದಿರುವುದರಲ್ಲಿ ಹೆಸರು ಮಾಡಿದವರು.

"ಯಾಕೆ ಬೇಕು?"

"ಇಷ್ಟ ಆಯ್ತು ಮೇಡಂ."

"ಇಷ್ಟ ಎಲ್ಲರಿಗೂ ಆಗತ್ತೆ. ನವೆಂಬರ್ ಮಳೇಲಿ, ಬೆಳಗ್ಗೆ ಆರು ಗಂಟೆಗೆ, ನಾಯಿ ಬಾಗಿಲ ಹತ್ರ ನಿಂತು ಕುಂಯ್ ಅಂದಾಗ್ಲೂ ಇಷ್ಟ ಆಗತ್ತಾ?"

"ಆಗತ್ತೆ."

"ಮನೇಲಿ ಇನ್ನೊಂದು ನಾಯಿ ಇದೆಯಾ? ಕುನೊಗೆ ಇನ್ನೊಂದು ನಾಯಿ ಕಂಡ್ರೆ ಆಗಲ್ಲ. ಇದ್ರೆ ಈಗ್ಲೇ ಹೇಳ್ಬಿಡಿ."

"ಇಲ್ಲ, ದೇವರಾಣೆ ಇಲ್ಲ."

"ಮಾಲೀಕರು?"

"ಬಾಡಿಗೆ ಸರಿಯಾಗಿ ಬಂದ್ರೆ ನಾನು ಆನೆ ಸಾಕಿದ್ರೂ ಅವರು ಕೇಳಲ್ಲ."

"ನಿಮ್ಮ ಕಾಲು ಮುರೀತು, ಆಸ್ಪತ್ರೆ ಸೇರಿದ್ರಿ. ಆಗ ನಾಯಿ ಯಾರು ನೋಡ್ಕೋತಾರೆ?"

ಅಲ್ಲಿಯವರೆಗೆ ರಾಪ್ ಸತ್ಯವನ್ನೇ ಹೇಳಿದ್ದರು. ಈ ಪ್ರಶ್ನೆಗೆ ಸತ್ಯ ಹೇಳಿದರೆ 'ಯಾರೂ ಇಲ್ಲ' ಎನ್ನಬೇಕಾಗಿತ್ತು. ಅಕ್ಕ ಇದ್ದಾಳೆ, ಆದರೆ ದೂರದ ಊರಲ್ಲಿ. ಅವರ ಬಾಯಿಂದ ತಾನಾಗಿಯೇ ಬಂದದ್ದು ಇದು: "ಕೆಳಗಿನ ಮನೆ ಐಸೆಲೆ ಅಮ್ಮ. ಅವರಿಗೆ ನಾಯಿ ಅಂದ್ರೆ ಪ್ರಾಣ."

"ಹೌದಾ? ಮೊದಲು ನಾಯಿ ಸಾಕಿದ್ದೀರಾ?"

"ಅಯ್ಯೋ, ಜೀವಮಾನ ಪೂರ್ತಿ!"

ನಿಜ ಹೇಳಬೇಕೆಂದರೆ, ಒಮ್ಮೆ ಬೇಕರಿಯ ಎದುರು ಗುರುತಿಲ್ಲದ ಹೆಂಗಸೊಬ್ಬರು ತಮ್ಮ ನಾಯಿಯ ಬಾರನ್ನು ರಾಪ್ ಅವರ ಕೈಗೆ ಕೊಟ್ಟು ಬ್ರೆಡ್ಡು ತರಲು ಒಳಗೆ ಹೋಗಿದ್ದರು. ಅವತ್ತು ಬೇಕರಿಯಲ್ಲಿ ಜನ ಜಾಸ್ತಿ ಇದ್ದರು. ಅಷ್ಟೇ ಅವರ ಅನುಭವ.

ಷ್ವೆಂಕ್ ಮೇಡಂ ಕನ್ನಡಕದ ಮೇಲಿನಿಂದ ಅವರನ್ನು ಬಹಳ ಹೊತ್ತು ನೋಡಿದರು. "ತೋಟ ಇರೋ ಒಂದು ಕುಟುಂಬದವರೂ ಕುನೊನ ಕೇಳ್ತಿದಾರೆ. ನೀವು ಒಂದು ಕೆಲಸ ಮಾಡಿ. ಮನೆಗೆ ಹೋಗಿ ಮೂರು ವಾರ ನಾಯಿ ಇದ್ದ ಹಾಗೇ ಬದುಕಿ ನೋಡಿ. ಆಮೇಲೂ ಬೇಕು ಅನ್ಸಿದ್ರೆ ಹೇಳಿ. ಮಧ್ಯೆ ಯಾವತ್ತಾದ್ರೂ ಹೇಳದೆ ಕೇಳದೆ ಮನೆ ನೋಡೋಕೆ ಬರ್ತೀನಿ" ಅಂದರು.

ಈ ಮಾತನ್ನು ಅವರು ಬಂದವರಿಗೆಲ್ಲ ಹೇಳುತ್ತಾರೆ. ಕೇಳಿದವರು ಹೂಂ ಎಂದು ತಲೆಯಾಡಿಸಿ, ಮನೆಗೆ ಹೋಗಿ, ಸೋಫಾದ ಮೇಲೆ ಕೂತು ಯೋಚನೆ ಮಾಡುತ್ತಾರೆ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ ಮನುಷ್ಯ ಇಡೀ ಜಿಲ್ಲೆಯಲ್ಲಿ ಎವಾಲ್ಡ್ ರಾಪ್ ಒಬ್ಬರೇ.

ಮರುದಿನ ಬೆಳಗ್ಗೆ ಆರಕ್ಕೆ, ಸುರಿಯುವ ಮಳೆಯಲ್ಲಿ, ರಾಪ್ ಹೊಸ ತೊಗಲಿನ ಬಾರು ಹಿಡಿದು ಹೊರಗೆ ಹೊರಟರು. ಬಾರಿನ ಇನ್ನೊಂದು ತುದಿಯಲ್ಲಿ ಏನೂ ಇರಲಿಲ್ಲ. ಆಲೂಗಡ್ಡೆ ಹಿಡಿದಿದ್ದ ಐಸೆಲೆ ಅಮ್ಮನವರ ಕೈ ಗಾಳಿಯಲ್ಲೇ ನಿಂತಿತು. ರಾಪ್ ಮೊದಲ ಮರದ ಬುಡದಲ್ಲಿ ನಿಂತು ಆಕಾಶ ನೋಡಿದರು. ಎರಡನೇ ಮರದ ಬುಡದಲ್ಲೂ ನಿಂತರು. ನಾಯಿ ಪ್ರತಿ ಮರಕ್ಕೂ ನಿಲ್ಲುತ್ತದೆ ಎಂದು ಎಲ್ಲೋ ಓದಿದ್ದರು. ಮೂರನೇ ಮರದ ಹತ್ತಿರ ಬಗ್ಗಿ, ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ, ಹುಲ್ಲಿನಿಂದ ಏನನ್ನೋ ಎತ್ತಿ, ಗಂಟು ಹಾಕಿ, ಕಸದ ಡಬ್ಬಿಗೆ ಹಾಕಿದರು.

ಐಸೆಲೆ ಅಮ್ಮ ಮೊದಲನೇ ಮಹಡಿಯ ವೈಡ್ಮನ್ ಅವರ ಗಂಟೆ ಒತ್ತಿದರು. ವೈಡ್ಮನ್ ನಿವೃತ್ತ ಅಂಚೆಯವರು. ನಾಯಿಗಳ ವಿಷಯದಲ್ಲಿ ನಮ್ಮ ಬೀದಿಗೆಲ್ಲ ಅವರೇ ಪಂಡಿತರು, ಏಕೆಂದರೆ ಅವರಷ್ಟು ಕಚ್ಚಿಸಿಕೊಂಡವರು ಇನ್ನೊಬ್ಬರಿಲ್ಲ.

"ಬಾರು ಇದೆ, ಚೀಲ ಇದೆ, ನಾಯಿ ಕಾಣ್ತಿಲ್ಲ. ಏನರ್ಥ ಇದಕ್ಕೆ?" ಎಂದು ಕೇಳಿದರು ಐಸೆಲೆ ಅಮ್ಮ.

ವೈಡ್ಮನ್ ಗಂಭೀರವಾಗಿ ಯೋಚಿಸಿದರು. "ನಾಯಿ ಹಿಂದಿನ ಬಾಗಿಲಿಂದ ಹೋಗಿರತ್ತೆ. ಇವರು ಮುಂದೆ ಬಂದು ನಮ್ಮ ಕಣ್ಣಿಗೆ ಮಣ್ಣೆರಚ್ತಿದಾರೆ. ನಡೀರಿ, ನನ್ನ ಎಡಗಾಲನ್ನ ಮೇಲಕ್ಕೆ ತಗೊಂಡ್ಹೋಗೋಣ."

ವೈಡ್ಮನ್ ಅವರ ಎಡಗಾಲಿನ ಮೀನಖಂಡ ನಾಯಿ ಇರುವ ಮನೆಯ ಬಾಗಿಲಿನಲ್ಲಿ ಜುಮ್ಮೆನ್ನುತ್ತದೆ ಎಂಬುದು ಅವರ ವಾದ. ಅಂಚೆ ಇಲಾಖೆಯಲ್ಲಿದ್ದಾಗ ಅದೊಂದೇ ತಮ್ಮನ್ನು ಕಾಪಾಡಿತು ಎನ್ನುತ್ತಿದ್ದರು. ಕಾಪಾಡಿದ್ದರೆ ಅಷ್ಟೊಂದು ಹೊಲಿಗೆ ಏಕೆ ಬಿತ್ತು ಎಂದು ನಾವು ಯಾರೂ ಕೇಳಿರಲಿಲ್ಲ. ಅವರು ಮೂರನೇ ಮಹಡಿಗೆ ಹತ್ತಿ, ರಾಪ್ ಮನೆಯ ಬಾಗಿಲಿಗೆ ಎಡಗಾಲನ್ನು ಚಾಚಿ, ಕಣ್ಣು ಮುಚ್ಚಿ ನಿಂತರು.

"ಜುಮ್ ಅಂತಿದೆ. ದೊಡ್ಡ ನಾಯಿ. ಗಂಡು" ಎಂದರು.

ಅವತ್ತಿನಿಂದ ಕಟ್ಟಡಕ್ಕೆ ಬೇರೆ ಕೆಲಸ ಉಳಿಯಲಿಲ್ಲ. ರಾಪ್ ಅವರು ತಮ್ಮ ಕಡೆಯಿಂದ ದಿನಾ ಒಂದೊಂದು ಸಾಕ್ಷಿ ಒದಗಿಸುತ್ತಲೇ ಹೋದರು. ನಾಯಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಡುವ ಅಭ್ಯಾಸವೂ ಆಗಬೇಕಲ್ಲ? ಅದಕ್ಕೆ ಒಂದು ಮಧ್ಯಾಹ್ನ ಬಾಗಿಲು ತೆರೆದು, ಖಾಲಿ ಮನೆಗೆ, "ಸುಮ್ನೆ ಮಲಗಿರು, ಈಗ ಬಂದ್ಬಿಡ್ತೀನಿ, ಜಾಣ ನನ್ನಪ್ಪ" ಎಂದು ಹೇಳಿ ಬಾಗಿಲೆಳೆದುಕೊಂಡರು. ಆಮೇಲೆ ತಮ್ಮ ಮನೆಯ ಬಾಗಿಲಿಗೆ ತಾವೇ ಕಿವಿ ಹಚ್ಚಿ ನಿಂತರು. ನಾನು ಮೇಲಿನ ಒಗೆಬಟ್ಟೆ ಕೋಣೆಯಿಂದ ಇಳಿದು ಬರುತ್ತಿದ್ದೆ.

"ಏನ್ರೀ ರಾಪ್, ಬೀಗದ ಕೈ ಒಳಗೇ ಉಳೀತಾ?"

"ಇಲ್ಲ ಇಲ್ಲ. ಸುಮ್ನೆ... ಕೇಳ್ತಿದ್ದೆ."

"ಏನು ಕೇಳ್ತಾ ಇದೆ?"

"ಏನೂ ಇಲ್ಲ" ಎಂದು ಅವರು ಬಹಳ ಸಂತೋಷದಿಂದ ಹೇಳಿದರು.

ನಾನು ಇದನ್ನು ಐಸೆಲೆ ಅಮ್ಮನವರಿಗೆ ಹೇಳಬಾರದಿತ್ತು. ಆದರೆ ನಾನೂ ಈ ಊರಿನವನೇ.

ರಾಪ್ ನಿಜ ಹೇಳಿಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಹೇಳುವ ಹಾಗಿರಲಿಲ್ಲ. ಇವರು ನಾಯಿ ಸಾಕುವುದನ್ನು ಈಗಷ್ಟೇ ಕಲಿಯುತ್ತಿದ್ದಾರೆ ಎಂಬ ಸುದ್ದಿ ಷ್ವೆಂಕ್ ಮೇಡಂ ಕಿವಿಗೆ ಬಿದ್ದರೆ 'ಜೀವಮಾನ ಪೂರ್ತಿ' ಎಂದದ್ದರ ಬಣ್ಣ ಬಯಲಾಗಿ, ಕುನೊ ತೋಟದ ಮನೆಗೆ ಹೋಗುತ್ತಿತ್ತು. ಜೊತೆಗೆ, ನಾಯಿ ಎಂದರೆ ಪ್ರಾಣ ಬಿಡುವ ಐಸೆಲೆ ಅಮ್ಮನನ್ನು ಬೇರೆ ಬೇಗನೆ ತಯಾರು ಮಾಡಬೇಕಾಗಿತ್ತು. ಅದಕ್ಕೆ ಅವರು ಒಂದು ಭಾನುವಾರ ಪ್ಲಮ್ ಹಣ್ಣಿನ ಕೇಕು ಹಿಡಿದು ಕೆಳಗೆ ಹೋದರು.

"ಏನಿದು?" ಎಂದರು ಐಸೆಲೆ ಅಮ್ಮ, ಬಾಗಿಲನ್ನು ಅರ್ಧವೇ ತೆರೆದು.

"ಕೇಕು. ನಿಮಗೆ."

"ಯಾಕೆ?"

"ಸುಮ್ನೆ. ಅಂದ್ಹಾಗೆ ಅಮ್ಮಾ, ನಿಮಗೆ... ಪ್ರಾಣಿಗಳು ಅಂದ್ರೆ ಹೇಗೆ?"

ಬಾಗಿಲು ಮುಚ್ಚಿತು. ಕೇಕು ಒಳಗೆ ಹೋಯಿತು. ಐಸೆಲೆ ಅಮ್ಮ ಅದನ್ನು ತಿನ್ನಲಿಲ್ಲ. ಲಂಚದ ಸಾಕ್ಷಿ ಎಂದು ಕತ್ತರಿಸದೆ ಇಟ್ಟುಕೊಂಡರು. ಆದರೆ ಎರಡು ದಿನದ ಮೇಲೆ ಸಾಕ್ಷಿ ಹಾಳಾಗುವುದು ಬೇಡವೆಂದು ವೈಡ್ಮನ್ ಜೊತೆ ಕಾಫಿಗೆ ಕೂತು ಮುಗಿಸಿದರು.

ಇಷ್ಟಾದರೂ ಸಹಿಸಬಹುದಿತ್ತು. ಮುಂದಿನದು ಸಹಿಸುವಂಥದ್ದಲ್ಲ. ನಾಯಿ ಇದ್ದರೆ ಮೆಟ್ಟಿಲ ಮೇಲೆ ಕೂದಲು ಉದುರುತ್ತದೆ, ನೆರೆಯವರು ಮುನಿಯುತ್ತಾರೆ, ಹಾಗಾಗಿ ದಿನವೂ ಗುಡಿಸಬೇಕಾಗುತ್ತದೆ ಎಂದು ರಾಪ್ ಲೆಕ್ಕ ಹಾಕಿದರು. ಮರುದಿನ ಬೆಳಗ್ಗೆಯೇ ಪೊರಕೆ ತೆಗೆದುಕೊಂಡು ಮೂರನೇ ಮಹಡಿಯಿಂದ ಹೆಬ್ಬಾಗಿಲವರೆಗೆ ಗುಡಿಸಿದರು. ಮೂಲೆಗಳನ್ನು ಬ್ರಷ್ ಹಾಕಿ ಉಜ್ಜಿದರು. ಹಿಡಿಗಂಬಿ ಒರೆಸಿದರು. ಆ ವಾರ ಫಲಕ ನೇತಾಡುತ್ತಿದ್ದದ್ದು ಐಸೆಲೆ ಅಮ್ಮನವರ ಬಾಗಿಲಿಗೆ.

ಐಸೆಲೆ ಅಮ್ಮ ಪೊರಕೆ ಹಿಡಿದು ಹೊರಗೆ ಬಂದವರು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಓಡಿಹೋಗಿ ನೀರು ತಂದುಕೊಟ್ಟೆ.

"ನನ್ನ ವಾರದಲ್ಲಿ! ನನ್ನ ವಾರದಲ್ಲಿ ಗುಡಿಸಿದ್ದಾರೆ ಕಣ್ರೀ! ನಮ್ಮ ಯಜಮಾನ್ರು ತೀರಿಹೋದ ವಾರದಲ್ಲೂ ಈ ಮೆಟ್ಟಿಲಿಗೆ ಬೇರೆಯವರ ಪೊರಕೆ ತಾಗಿರ್ಲಿಲ್ಲ."

"ಒಂದು ಕೂದಲಾದ್ರೂ ಸಿಕ್ತಾ ನೋಡಿ" ಎಂದರು ವೈಡ್ಮನ್, ಮೂಲೆಯಲ್ಲಿ ಮಂಡಿಯೂರಿ.

ಇಬ್ಬರೂ ಹುಡುಕಿದರು. ಒಂದೂ ಸಿಗಲಿಲ್ಲ.

"ನೋಡಿದ್ರಾ? ತಮ್ಮ ವಾರದಲ್ಲೇ ಗುಡಿಸದ ಮನುಷ್ಯ ಬೇರೆಯವರ ವಾರದಲ್ಲಿ ಮೂಲೆಮೂಲೆ ಉಜ್ಜಿದಾರೆ ಅಂದ್ರೆ ಎಷ್ಟು ಕೂದಲು ಇದ್ದಿರ್ಬೇಕು!" ಎಂದರು ಐಸೆಲೆ ಅಮ್ಮ. ಈ ತರ್ಕದಲ್ಲಿ ತಪ್ಪು ಹುಡುಕಲು ನಾನು ಇವತ್ತಿಗೂ ಪ್ರಯತ್ನಿಸುತ್ತಿದ್ದೇನೆ.

ಆ ವಾರಾಂತ್ಯ ರಾಪ್ ಅವರ ಅಕ್ಕ ಗೆರ್ಲಿಂಡೆ ಬಂದರು. ಐಸೆಲೆ ಅಮ್ಮನಿಗೆ ಸಾಕ್ಷಿಗಳ ಪೈಕಿ ಒಳಗಿನವರೊಬ್ಬರು ಬೇಕಾಗಿದ್ದರು. ಅಕ್ಕ ಮೇಲೆ ಹೋದದ್ದೇ ತಡ, ಇವರು ಮೆಟ್ಟಿಲ ಬುಡದಲ್ಲಿ ಕಾಯುತ್ತಾ ನಿಂತರು. ಗೆರ್ಲಿಂಡೆ ಇಳಿದು ಬಂದಾಗ ಮುಖ ಬಿಳಿಚಿಕೊಂಡಿತ್ತು.

"ನನ್ನ ತಮ್ಮನಿಗೆ ಏನಾಗಿದೆ? ಸೋಫಾದ ಮೂಲೇಲಿ ಕೂರೋಕೆ ಹೋದ್ರೆ, 'ಅಕ್ಕಾ, ಅಲ್ಲಿ ಬೇಡ, ಅದು ಕುನೊ ಜಾಗ' ಅಂದ. ಯಾವ ಕುನೊ ಅಂದ್ರೆ ಮಾತೇ ಇಲ್ಲ. ಬಟ್ಟಲು ಇದೆ, ಬಟ್ಟಲಲ್ಲಿ ನೀರಿದೆ. ಬುಟ್ಟೀಲಿ ನಮ್ಮಮ್ಮನ ಕಂಬಳಿ ಹಾಸಿದಾನೆ. ಮನೆಯೆಲ್ಲಾ ನೋಡಿದೆ, ಮಂಚದ ಕೆಳಗೂ ನೋಡಿದೆ. ನಾಯಿ ಇಲ್ಲ!"

ಬೇರೆ ಯಾರೇ ಆಗಿದ್ದರೂ ಈ ಮಾತಿನಿಂದ ನಾಯಿ ಇಲ್ಲ ಎಂಬ ತೀರ್ಮಾನಕ್ಕೆ ಬರುತ್ತಿದ್ದರು. ಐಸೆಲೆ ಅಮ್ಮ ಕಣ್ಣು ಕಿರಿದು ಮಾಡಿದರು. "ಬುಟ್ಟಿ ಇದೆ, ನೀರಿದೆ, ಹೆಸರೂ ಇದೆ. ನೀವು ಬರೋ ಹೊತ್ತಿಗೆ ಮಾತ್ರ ನಾಯಿ ಇಲ್ಲ. ಅಂದ್ರೆ ಆ ಹೊತ್ತಲ್ಲಿ ಯಾರೋ ಹೊರಗೆ ಕರ್ಕೊಂಡು ಹೋಗಿದ್ರು. ವೈಡ್ಮನ್, ಇದರಲ್ಲಿ ಇನ್ನೊಬ್ಬರ ಕೈವಾಡ ಇದೆ."

ವೈಡ್ಮನ್ ನನ್ನ ಕಡೆ ನೋಡಿದರು. ನಾನು ಸುಮ್ಮನೆ ಮನೆಗೆ ಹೋದೆ.

ಸೋಮವಾರ ನಗರ ಕಚೇರಿಯ ಡೀಟ್ರಿಖ್ ಬಂದರು. ನಾಯಿ ಸಾಕುವವರು ಊರಿಗೆ ತೆರಿಗೆ ಕಟ್ಟಿ, ನಾಯಿಯ ಕೊರಳಿಗೆ ಬಿಲ್ಲೆ ಹಾಕಿಸಬೇಕು. ಬಿಲ್ಲೆ ಇಲ್ಲದ ನಾಯಿಗಳನ್ನು ಹಿಡಿಯುವುದೇ ಡೀಟ್ರಿಖ್ ಕೆಲಸ. ಬರುವ ದಾರಿಯಲ್ಲೇ ಅವರು ಐಸೆಲೆ ಅಮ್ಮನ ಸೂಚನೆಯಂತೆ ಕಸದ ಡಬ್ಬಿಯಿಂದ ಗಂಟು ಹಾಕಿದ ಚೀಲವೊಂದನ್ನು ಎತ್ತಿ ತಂದಿದ್ದರು. ಕೈಗೆ ರಬ್ಬರ್ ಗವಸು ಹಾಕಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ, ನಮ್ಮೆಲ್ಲರ ಎದುರಿಗೆ ಅದನ್ನು ಬಿಚ್ಚಿದರು. ಒಳಗೆ ಪೈನ್ ಮರದ ಒಂದು ಒಣ ಕಾಯಿ ಇತ್ತು.

"ರಾಪ್ ಅವರೇ, ಇದು ನಿಮ್ದಾ?"

"ಹೌದು."

"ನಿಮ್ಮ ನಾಯೀದಲ್ವಾ?"

"ನನ್ನ ಹತ್ರ ನಾಯಿ ಇಲ್ಲ ಸರ್."

"ಹಾಗಾದ್ರೆ ಬಾರು ಯಾಕೆ?"

ರಾಪ್ ಕೆಳಗೆ ನೋಡಿದರು. "ಕೈಗೆ ಅಭ್ಯಾಸ ಆಗ್ಲಿ ಅಂತ."

ಡೀಟ್ರಿಖ್ ತಲೆ ಕೆರೆದುಕೊಂಡರು. "ನೋಡಿ, ನನ್ನ ಸರ್ವೀಸಲ್ಲಿ ಎಲ್ಲಾ ಥರದೋರನ್ನ ನೋಡಿದೀನಿ. ನಾಯಿನ ಬೆಕ್ಕು ಅಂದೋರು ಇದ್ರು. ನೆಂಟರ ನಾಯಿ, ಇವತ್ತು ಸಂಜೆ ಹೋಗತ್ತೆ ಅಂದೋರು ಇದ್ರು. ಚೀಲಕ್ಕೆ ಪೈನ್ ಕಾಯಿ ಹಾಕಿ ಕಚೇರಿಯೋರ ದಾರಿ ತಪ್ಪಿಸೋರನ್ನ ಮಾತ್ರ ಇವತ್ತೇ ನೋಡ್ತಿರೋದು. ನಿಮ್ಮ ಮೇಲೆ ಒಂದು ಕಣ್ಣಿಟ್ಟಿರ್ತೀನಿ."

ಅವರು ಹೋದ ಮೇಲೆ ಎಲ್ಲರೂ ಗೆದ್ದವರ ಹಾಗೆ ಮನೆ ಸೇರಿದರು. ಐಸೆಲೆ ಅಮ್ಮ ಮಾತ್ರ ಹೋಗಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೇ ನೋಡುತ್ತಿದ್ದರು.

"ಏನಾಯ್ತಮ್ಮ?" ಎಂದೆ.

"ಇಷ್ಟು ದಿನ ಆಯ್ತು. ಒಂದು ಸಲಾನೂ ಬೊಗಳಿಲ್ಲ. ನಾಯಿ ಅಂದ್ಮೇಲೆ ಬೊಗಳಬೇಕಲ್ವಾ? ಅದಕ್ಕೆ ಏನು ಮಾಡಿಟ್ಟಿದಾರೋ. ಬಾಯಿ ಕಟ್ಟಿದಾರೋ ಏನೋ." ಅವರ ದನಿ ಸಣ್ಣಗಾಗಿತ್ತು. ನನಗೆ ಮೊದಲ ಬಾರಿಗೆ ಅವರ ಮೇಲೆ ಮರುಕ ಹುಟ್ಟಿತು. ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ ಹೆಂಗಸು ಮೇಲಿನ ಮನೆಯ ಮೌನವನ್ನು ದಿನವಿಡೀ ಕೇಳುತ್ತಾ ಕೂತಿದ್ದರು.

ಅವರೇ ನಂಬರ್ ಹುಡುಕಿ ನಾಯಿಗಳ ಆಶ್ರಯಕ್ಕೆ ಫೋನ್ ಮಾಡಿದರು. ನಮ್ಮ ಕಟ್ಟಡದಲ್ಲಿ ಒಬ್ಬರು ನಾಯಿಯನ್ನು ಕೂಡಿಹಾಕಿ ಹಿಂಸೆ ಕೊಡುತ್ತಿದ್ದಾರೆ, ಹೆಸರು ಎವಾಲ್ಡ್ ರಾಪ್ ಎಂದು ದೂರು ಕೊಟ್ಟರು. ಆ ಕಡೆಯವರು ವಿಳಾಸವನ್ನು ಇನ್ನೊಮ್ಮೆ ಹೇಳಿಸಿಕೊಂಡರಂತೆ.

ಶನಿವಾರ ಬೆಳಗ್ಗೆ ಷ್ವೆಂಕ್ ಮೇಡಂ ಬಂದರು. ಹೆಬ್ಬಾಗಿಲಿನಲ್ಲೇ ಐಸೆಲೆ ಅಮ್ಮ ಸಿಕ್ಕಿದರು, ವೈಡ್ಮನ್ ಕಾಲಿನೊಂದಿಗೆ ಹಾಜರಾದರು, ಕಣ್ಣಿಡಲು ಬಂದಿದ್ದ ಡೀಟ್ರಿಖ್ ಕೂಡ ಸೇರಿಕೊಂಡರು. ಎಲ್ಲರೂ ಮೆರವಣಿಗೆಯಂತೆ ಮೂರನೇ ಮಹಡಿಗೆ ಹತ್ತಿದೆವು. ರಾಪ್ ಬಾಗಿಲು ತೆರೆದಾಗ ಅವರ ಕೈಯಲ್ಲಿ ಬಾರು ಇತ್ತು.

"ರಾಪ್ ಅವರೇ, ಮನೇಲಿ ಬೇರೆ ನಾಯಿ ಇಲ್ಲ ಅಂದಿದ್ರಿ" ಎಂದರು ಷ್ವೆಂಕ್ ಮೇಡಂ. "ಇಡೀ ಕಟ್ಟಡ ಇದೆ ಅಂತಿದೆ. ನನಗೆ ಸುಳ್ಳು ಹೇಳೋರಿಗೆ ನಾಯಿ ಕೊಡಲ್ಲ. ಇವತ್ತು ಸಂಜೆ ತೋಟದ ಮನೆಯವರಿಗೆ ಫೋನ್ ಮಾಡ್ತೀನಿ. ಕುನೊನ ಅವರು ಕರ್ಕೊಂಡು ಹೋಗ್ಲಿ."

ರಾಪ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾಯಿ ಇಲ್ಲ ಎಂದು ಸಾಧಿಸಬೇಕಾದರೆ ಇನ್ನೊಂದು ಸುಳ್ಳನ್ನು ಒಪ್ಪಿಕೊಳ್ಳಬೇಕಾಗಿತ್ತು. ಒಪ್ಪಿಕೊಂಡರೂ ಕುನೊ ಹೋಗುತ್ತಿತ್ತು, ಒಪ್ಪಿಕೊಳ್ಳದಿದ್ದರೂ ಹೋಗುತ್ತಿತ್ತು.

"ಸುಳ್ಳು ಹೇಳಿದ್ದು ನಿಜ ಮೇಡಂ. ಆದ್ರೆ ಆ ಸುಳ್ಳಲ್ಲ. ನಾನು ಹುಟ್ಟಿದಾಗಿನಿಂದ ಒಂದು ನಾಯಿನೂ ಸಾಕಿಲ್ಲ. ಹೇಗೆ ಸಾಕ್ತಾರೆ ಅಂತ್ಲೂ ಗೊತ್ತಿಲ್ಲ. ನೀವು ನಾಯಿ ಇದ್ದ ಹಾಗೇ ಬದುಕಿ ಅಂದ್ರಲ್ಲ, ಅದಕ್ಕೆ ದಿನಾ ಬೆಳಗ್ಗೆ ಕುನೊನ ವಾಕಿಂಗ್ ಕರ್ಕೊಂಡು ಹೋಗ್ತಿದ್ದೆ. ಕುನೊ ಇರ್ಲಿಲ್ಲ, ಅಷ್ಟೇ."

ಷ್ವೆಂಕ್ ಮೇಡಂ ಒಳಗೆ ಹೋದರು. ಬಟ್ಟಲು ನೋಡಿದರು, ನೀರಿಗೆ ಬೆರಳದ್ದಿ ತಾಜಾ ಇದೆಯೇ ಎಂದು ನೋಡಿದರು. ಬುಟ್ಟಿಯ ಕಂಬಳಿಯನ್ನು ಕೊಡವಿದರು. ಒಂದೇ ಒಂದು ಕೂದಲು ಬೀಳಲಿಲ್ಲ. ಹೊರಗೆ ಬಂದು ಐಸೆಲೆ ಅಮ್ಮನ ಕಡೆ ತಿರುಗಿದರು.

"ಇವರು ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡ್ತಿದ್ರು?"

"ಆರಕ್ಕೆ. ಒಂದು ದಿನಾನೂ ತಪ್ಪಿಸಿಲ್ಲ."

"ಮಳೆ ಬಂದಾಗ?"

"ಆಲಿಕಲ್ಲು ಬಿದ್ದಾಗ್ಲೂ ಹೋಗಿದ್ರು. ಒದ್ದೆ ಆಗಿ ಬರ್ತಿದ್ರು. ಅನುಮಾನ ಬಂದಿದ್ದೇ ಅದಕ್ಕೆ."

"ನಾಯಿನ ಒಂಟಿಯಾಗಿ ಬಿಟ್ಟು ಹೋಗ್ತಿದ್ರಾ?"

"ಎಲ್ಲಿ ಹೋಗ್ತಾರೆ? ಬಾಗಿಲ ಹೊರಗೇ ಕಿವಿ ಇಟ್ಕೊಂಡು ನಿಂತಿರ್ತಾರೆ. ಎರಡನೇ ಮಹಡಿಯೋರು ಕಣ್ಣಾರೆ ನೋಡಿದಾರೆ."

"ಮೆಟ್ಟಿಲು?"

ಐಸೆಲೆ ಅಮ್ಮನ ಮುಖ ಕೆಂಪಾಯಿತು. "ದಿನಾ ಗುಡಿಸ್ತಿದ್ರು. ನನ್ನ ವಾರದಲ್ಲೂ!"

ಷ್ವೆಂಕ್ ಮೇಡಂ ಕನ್ನಡಕ ತೆಗೆದು ಒರೆಸಿದರು. "ಜೀವಮಾನ ಪೂರ್ತಿ ನಾಯಿ ಸಾಕಿದೀವಿ ಅಂತ ಬರೋರು ನೂರು ಜನ. ಅವರ ನೆರೆಯವರನ್ನ ಕೇಳಿದ್ರೆ ಅರ್ಧ ಜನ ಮಳೆ ಬಂದ್ರೆ ನಾಯಿನ ಬಾಲ್ಕನಿಗೆ ಬಿಡ್ತಾರೆ ಅಂತಾರೆ. ಇಂಥ ದೂರನ್ನ ನಾನು ಕೇಳಿರೋದು ಇದೇ ಮೊದಲು." ಆಮೇಲೆ ಮತ್ತೆ ಕನ್ನಡಕ ಹಾಕಿಕೊಂಡು ಹುಬ್ಬು ಗಂಟಿಕ್ಕಿದರು. "ಇನ್ನೊಂದು ಪ್ರಶ್ನೆ ಬಾಕಿ ಇದೆ. ಐಸೆಲೆ ಅಂದ್ರೆ ನೀವೇನಾ? ಇವರು ಆಸ್ಪತ್ರೆ ಸೇರಿದ್ರೆ ನಾಯಿನ ನೀವು ನೋಡ್ಕೋತೀರಿ, ನಿಮಗೆ ನಾಯಿ ಅಂದ್ರೆ ಪ್ರಾಣ ಅಂದಿದ್ರು. ಅದೂ ಸುಳ್ಳೇನಾ?"

ರಾಪ್ ಕಣ್ಣು ಮುಚ್ಚಿಕೊಂಡರು. ಇಷ್ಟು ವಾರ ತಮ್ಮ ಮೇಲೆ ಕಣ್ಣಿಟ್ಟು ಕಾದ ಹೆಂಗಸಿನ ಒಂದು ಮಾತಿನಲ್ಲಿ ಈಗ ಕುನೊ ಬರುವುದೂ ಬರದಿರುವುದೂ ನಿಂತಿತ್ತು. ಐಸೆಲೆ ಅಮ್ಮ ರಾಪ್ ಅವರನ್ನು ನೋಡಿದರು. ಅವರ ಹೆಗಲ ಮೇಲಿಂದ ಒಳಗಿನ ಖಾಲಿ ಬುಟ್ಟಿಯನ್ನು, ಅದರಲ್ಲಿದ್ದ ಹಳೆಯ ಕಂಬಳಿಯನ್ನು ನೋಡಿದರು.

"ನೋಡ್ಕೋತೀನಿ" ಎಂದರು. "ಮೂರು ವಾರದಿಂದ ಬಾಯಿ ಬಿಡದೆ ಕೂತಿದೆ ಪಾಪ. ಅದಕ್ಕೂ ಒಬ್ಬರು ಬೇಕಲ್ಲ."

"ಅಮ್ಮಾ, ಆ ನಾಯಿ ಇಲ್ಲವೇ ಇಲ್ಲ ಅಂತ ಈಗಷ್ಟೇ..." ಎಂದು ನಾನು ಶುರುಮಾಡಿದೆ.

"ನೀವು ಸುಮ್ನಿರ್ರೀ" ಎಂದರು ಐಸೆಲೆ ಅಮ್ಮ.

ಷ್ವೆಂಕ್ ಮೇಡಂ ಕೂಡ ಮುಂದೆ ಕೇಳಲಿಲ್ಲ. ಸಂಜೆ ತೋಟದ ಮನೆಯವರಿಗೆ ಫೋನ್ ಹೋಯಿತು, ಆದರೆ ಬೇರೆ ನಾಯಿ ನೋಡಿಕೊಳ್ಳಿ ಎಂದು ಹೇಳಲು. ಅವರಿಗೆ ಆಮೇಲೆ ಮೂರು ಕಾಲಿನ ಒಂದು ಹೆಣ್ಣು ನಾಯಿ ಸಿಕ್ಕಿ, ತೋಟದ ಟ್ಯೂಲಿಪ್ ಗಡ್ಡೆಗಳನ್ನೆಲ್ಲ ಅಗೆದು ಹಾಕಿತಂತೆ. ಅಲ್ಲಿ ಎಲ್ಲರೂ ಸುಖವಾಗಿದ್ದಾರೆ.

ಮರುವಾರ ಕುನೊ ಬಂತು. ವೈಡ್ಮನ್ ಅವರ ಎಡಗಾಲಿನ ಪಕ್ಕದಲ್ಲೇ ಹಾದುಹೋದರೂ ಕಾಲು ಜುಮ್ಮೆನ್ನಲಿಲ್ಲ. ಇದು ಸರಿಯಾದ ನಾಯಿಯಲ್ಲ ಎಂದು ವೈಡ್ಮನ್ ಮೂರು ದಿನ ಮುನಿಸಿಕೊಂಡಿದ್ದರು. ಡೀಟ್ರಿಖ್ ಬಿಲ್ಲೆ ತಂದುಕೊಟ್ಟು, ಇದನ್ನು ಒಂದನೇ ನಾಯಿ ಎಂದು ಬರೆದುಕೊಳ್ಳಬೇಕೋ ಎರಡನೆಯದು ಎಂದೋ ಎಂದು ಬಹಳ ಹೊತ್ತು ನಿಂತು ಯೋಚಿಸಿದರು. ಮೊದಲ ಬೆಳಗ್ಗೆ ಆರಕ್ಕೆ ರಾಪ್ ಎಂದಿನಂತೆ ಎದ್ದು ಬಾರು ಕಟ್ಟಿ ಹೊರಟರು. ಮಳೆ ಸುರಿಯುತ್ತಿತ್ತು. ಕುನೊ ಹೆಬ್ಬಾಗಿಲಿನಲ್ಲಿ ಮೂತಿ ಹೊರಗೆ ಚಾಚಿ, ಒಮ್ಮೆ ಮೂಸಿ, ಹಿಂದಕ್ಕೆ ತಿರುಗಿ ಹೋಗಿ ಮೊದಲ ಮೆಟ್ಟಿಲಿನ ಮೇಲೆ ಕೂತುಬಿಟ್ಟಿತು. ಎಳೆದರೂ ಬರಲಿಲ್ಲ. ಪಕ್ಕದಲ್ಲಿ ಕೂತ ರಾಪ್ ಅವರ ಮೊಣಕಾಲಿಗೆ ಬೆನ್ನು ಒರಗಿಸಿಕೊಂಡಿತು. ಇಬ್ಬರೂ ಮಳೆ ನಿಲ್ಲುವುದನ್ನು ಕಾಯುತ್ತಾ ಕೂತರು.

ಅಷ್ಟರಲ್ಲಿ ಐಸೆಲೆ ಅಮ್ಮ ತಟ್ಟೆ ಹಿಡಿದು ಹೊರಗೆ ಬಂದರು. ತಟ್ಟೆಯಲ್ಲಿ ಬೇಯಿಸಿದ ಎರಡು ಸಾಸೇಜುಗಳಿದ್ದವು. ಒಂದನ್ನು ಕುನೊ ಮುಂದೆ ಇಟ್ಟರು. ಅದು ಕ್ಷಣದಲ್ಲಿ ಮಾಯವಾಯಿತು. ಎರಡನೆಯದಕ್ಕೂ ಅದು ಮೂತಿ ಚಾಚಿದಾಗ ತಟ್ಟೆ ಮೇಲೆತ್ತಿ, ರಾಪ್ ಅವರ ಕೈಗೆ ಕೊಟ್ಟು, ಯಾರಿಗೂ ಕೇಳಬಾರದು ಎಂಬಂತೆ ಬಗ್ಗಿದರು.

"ಇದು ಮೇಲಿರೋದಕ್ಕೆ" ಎಂದರು. "ಹೊಸದು ಬಂತು ಅಂತ ಅದನ್ನ ಮರೀಬೇಡಿ. ಇಷ್ಟು ದಿನ ಎಷ್ಟು ಜಾಣತನದಿಂದ ಇತ್ತು."

ರಾಪ್ ಬಾಯಿ ತೆರೆದರು. ಐಸೆಲೆ ಅಮ್ಮನ ಮುಖ ನೋಡಿ ಮುಚ್ಚಿದರು. "ಮರೆಯಲ್ಲಮ್ಮ. ಅದರ ಪರವಾಗಿ ಥ್ಯಾಂಕ್ಸ್" ಎಂದು ಸಾಸೇಜು ಹಿಡಿದು ಮೆಟ್ಟಿಲು ಹತ್ತಿದರು.

ಆ ಎರಡನೇ ಸಾಸೇಜು ಏನಾಯಿತು ಎಂದು ನಾನು ಕೇಳಿಲ್ಲ. ಮರುದಿನ ತೊಳೆದ ತಟ್ಟೆ ವಾಪಸು ಬಂತು. ಐಸೆಲೆ ಅಮ್ಮ ಈಗಲೂ ವಾರಕ್ಕೊಮ್ಮೆ ಎರಡು ಬೇಯಿಸುತ್ತಾರೆ. ನಾನು ಒಗೆಬಟ್ಟೆ ಹಿಡಿದು ಮೂರನೇ ಮಹಡಿ ದಾಟುವಾಗ ಒಂದು ಗಳಿಗೆ ನಿಂತು ಬಾಗಿಲಿಗೆ ಕಿವಿ ಕೊಡುತ್ತೇನೆ. ಒಳಗೆ ಒಂದು ನಾಯಿ ಬೊಗಳುತ್ತದೆ. ಇನ್ನೊಂದು ಯಾವಾಗಲೂ ಸುಮ್ಮನಿರುತ್ತದೆ.